ಗಡಿಯಾರ ತಿರುಗಿಸುವುದು ಬೇಡ, ಸರಿ. ಉಳಿಯಬೇಕಾದ ಸಮಯ ಯಾವುದು?

ಮಾರ್ಚ್ ತಿಂಗಳ ಕೊನೆಯ ಭಾನುವಾರ ನಸುಕಿನಲ್ಲಿ ಬರ್ಲಿನ್, ಪ್ಯಾರಿಸ್, ರೋಮ್ ನಗರಗಳ ಗಡಿಯಾರಗಳು ಎರಡು ಗಂಟೆ ತೋರಿಸುವ ಬದಲು ನೇರವಾಗಿ ಮೂರು ಗಂಟೆಗೆ ಜಿಗಿಯುತ್ತವೆ. ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಮೂರು ಗಂಟೆಯಾದೊಡನೆ ಮತ್ತೆ ಎರಡಕ್ಕೆ ಮರಳುತ್ತವೆ. ಒಂದು ರಾತ್ರಿ ಒಂದು ಗಂಟೆ ಮಾಯವಾಗುತ್ತದೆ, ಇನ್ನೊಂದು ರಾತ್ರಿ ಅದೇ ಗಂಟೆ ಎರಡು ಸಲ ಬರುತ್ತದೆ. ಈ ಪದ್ಧತಿಯನ್ನು ಕೈಬಿಡಬೇಕೆಂದು ಐರೋಪ್ಯ ಸಂಸತ್ತು 2019ರಲ್ಲಿಯೇ ಬಹುಮತದಿಂದ ಮತ ನೀಡಿತು. 2021ರ ನಂತರ ಗಡಿಯಾರ ತಿರುಗಿಸುವ ಅಗತ್ಯವೇ ಇರಬಾರದೆಂಬುದು ಅದರ ಆಶಯವಾಗಿತ್ತು. ಆದರೆ 2021 ಕಳೆಯಿತು, ಅದರ ನಂತರದ ವರ್ಷಗಳೂ ಕಳೆದವು. ಗಡಿಯಾರ ಮಾತ್ರ ಮುಂದಕ್ಕೂ ಹಿಂದಕ್ಕೂ ಓಡಾಡುವುದನ್ನು ನಿಲ್ಲಿಸಲಿಲ್ಲ.

ಬದಲಾವಣೆ ಬೇಡ ಎಂಬ ವಿಷಯದಲ್ಲಿ ಬಹುತೇಕರಿಗೆ ಸಹಮತವಿದೆ. ಬದಲಾವಣೆ ನಿಲ್ಲಿಸಿದ ಮೇಲೆ ಯಾವ ಸಮಯವನ್ನು ಉಳಿಸಿಕೊಳ್ಳಬೇಕು, ಬೇಸಿಗೆಯದನ್ನೋ ಚಳಿಗಾಲದ್ದನ್ನೋ ಎಂಬ ಪ್ರಶ್ನೆ ಬಂದಾಗ ಆ ಸಹಮತ ಕರಗಿಹೋಗುತ್ತದೆ. ಈ ವಿವಾದದ ತಿರುಳು ಇರುವುದು ಇಲ್ಲಿಯೇ.

ಏನಿದು ಪದ್ಧತಿ?

ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿಕೊಂಡಿರುವುದರಿಂದ ಭೂಮಧ್ಯರೇಖೆಯಿಂದ ದೂರ ಹೋದಂತೆಲ್ಲ ಹಗಲಿನ ಅವಧಿಯಲ್ಲಿ ಋತುವಿನಿಂದ ಋತುವಿಗೆ ಭಾರಿ ವ್ಯತ್ಯಾಸ ಕಂಡುಬರುತ್ತದೆ. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು ಹದಿನಾರೂವರೆ ಗಂಟೆಗೂ ದೀರ್ಘವಾಗಿದ್ದರೆ, ಡಿಸೆಂಬರ್ ತಿಂಗಳ ಹಗಲು ಎಂಟು ಗಂಟೆಗೂ ಕಡಿಮೆ. ಬೇಸಿಗೆಯಲ್ಲಿ ಜನರು ಇನ್ನೂ ನಿದ್ರಿಸುತ್ತಿರುವಾಗಲೇ ಸೂರ್ಯ ಉದಯಿಸಿರುತ್ತಾನೆ. ಹೀಗೆ ಮುಂಜಾನೆ ವ್ಯರ್ಥವಾಗುವ ಬೆಳಕಿನಲ್ಲಿ ಒಂದು ಗಂಟೆಯನ್ನು ಸಂಜೆಗೆ ವರ್ಗಾಯಿಸುವ ಉಪಾಯವೇ ಬೇಸಿಗೆ ಕಾಲಮಾನ. ಅಮೆರಿಕದಲ್ಲಿ ಇದನ್ನು 'ಡೇಲೈಟ್ ಸೇವಿಂಗ್ ಟೈಮ್' ಎನ್ನುತ್ತಾರೆ. ವಸಂತದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ಶರತ್ಕಾಲದಲ್ಲಿ ಮತ್ತೆ ಪ್ರಮಾಣ ಕಾಲಮಾನಕ್ಕೆ ಮರಳುವುದು ಕ್ರಮ. ಚಳಿಗಾಲದ ಕಾಲಮಾನ ಎಂದು ಕರೆಯುವುದು ಈ ಪ್ರಮಾಣ ಕಾಲಮಾನವನ್ನೇ.

ಹೆಸರಿನಲ್ಲಿ ಉಳಿತಾಯವೆಂದಿದ್ದರೂ ಹಗಲು ಒಂದು ಕ್ಷಣವೂ ಹೆಚ್ಚುವುದಿಲ್ಲ. ಸೂರ್ಯನ ಚಲನೆ ಎಂದಿನಂತೆಯೇ ಇರುತ್ತದೆ. ಬದಲಾಗುವುದು ಶಾಲೆ, ಕಚೇರಿ, ಕಾರ್ಖಾನೆ, ರೈಲುಗಳ ವೇಳೆ ಮಾತ್ರ. ಎಲ್ಲರೂ ಒಂದು ಗಂಟೆ ಬೇಗ ಏಳಿರೆಂದು ಆಜ್ಞಾಪಿಸುವುದಕ್ಕಿಂತ ಗಡಿಯಾರವನ್ನೇ ತಿರುಗಿಸುವುದು ಸುಲಭವೆಂಬುದು ಇದರ ಹಿಂದಿನ ತರ್ಕ.

ಇಂದು ಜಗತ್ತಿನ ಸುಮಾರು ಮೂರನೇ ಒಂದರಷ್ಟು ದೇಶಗಳು ಮಾತ್ರ ಈ ಪದ್ಧತಿಯನ್ನು ಪಾಲಿಸುತ್ತಿವೆ. ಅವುಗಳಲ್ಲಿ ಹೆಚ್ಚಿನವು ಯೂರೋಪಿನಲ್ಲಿವೆ. ಐರೋಪ್ಯ ಒಕ್ಕೂಟದ ಎಲ್ಲ ದೇಶಗಳೂ ಗ್ರೀನಿಚ್ ಕಾಲಮಾನದ ಪ್ರಕಾರ ಒಂದು ಗಂಟೆಗೆ ಏಕಕಾಲದಲ್ಲಿ ಗಡಿಯಾರ ತಿರುಗಿಸುತ್ತವೆ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಆರಂಭವಾಗುವ ಬೇಸಿಗೆ ಕಾಲಮಾನ ನವೆಂಬರ್ ತಿಂಗಳ ಮೊದಲ ಭಾನುವಾರ ಮುಗಿಯುತ್ತದೆ. ಅಲ್ಲಿಯೂ ಹವಾಯಿ ಮತ್ತು ಅರಿಜೋನಾದ ಬಹುಭಾಗ ಇದರಿಂದ ಹೊರಗುಳಿದಿವೆ.

ಕೀಟಶಾಸ್ತ್ರಜ್ಞನಿಂದ ಯುದ್ಧಭೂಮಿಗೆ

ಬೇಗ ಎದ್ದು ಮೇಣದಬತ್ತಿಯ ಖರ್ಚು ಉಳಿಸಬಹುದೆಂದು ಬೆಂಜಮಿನ್ ಫ್ರಾಂಕ್ಲಿನ್ 1784ರಲ್ಲಿ ಪ್ಯಾರಿಸ್ಸಿನ ಪತ್ರಿಕೆಯೊಂದಕ್ಕೆ ವಿನೋದದ ಪತ್ರ ಬರೆದಿದ್ದನು. ಆದರೆ ಗಡಿಯಾರ ತಿರುಗಿಸುವ ಮಾತು ಅದರಲ್ಲಿರಲಿಲ್ಲ. ಆ ಸಲಹೆಯನ್ನು ಗಂಭೀರವಾಗಿ ಮುಂದಿಟ್ಟವನು ನ್ಯೂಜಿಲೆಂಡಿನ ಕೀಟಶಾಸ್ತ್ರಜ್ಞ ಜಾರ್ಜ್ ಹಡ್ಸನ್. ಕೆಲಸ ಮುಗಿಸಿದ ಮೇಲೆ ಕೀಟಗಳನ್ನು ಸಂಗ್ರಹಿಸಲು ಸಂಜೆಯ ಬೆಳಕನ್ನು ಬಯಸುತ್ತಿದ್ದ ಈತ, 1895ರಲ್ಲಿ ವೆಲಿಂಗ್ಟನ್ನಿನ ವಿದ್ವತ್ ಸಭೆಯೊಂದರ ಮುಂದೆ ಗಡಿಯಾರವನ್ನು ಎರಡು ಗಂಟೆ ಮುಂದಿಡುವ ಪ್ರಸ್ತಾಪ ಮಂಡಿಸಿದನು. ಅದು ಅಂದು ಯಾರಿಗೂ ರುಚಿಸಲಿಲ್ಲ.

ಇಂಗ್ಲೆಂಡಿನ ಕಟ್ಟಡ ನಿರ್ಮಾಪಕ ವಿಲಿಯಂ ವಿಲೆಟ್ ಇದೇ ವಿಚಾರವನ್ನು ಸ್ವತಂತ್ರವಾಗಿ ಚಿಂತಿಸಿ 1907ರಲ್ಲಿ ಕಿರುಹೊತ್ತಗೆಯೊಂದನ್ನು ಪ್ರಕಟಿಸಿದನು. ಏಪ್ರಿಲ್ ತಿಂಗಳ ನಾಲ್ಕು ಭಾನುವಾರ ತಲಾ 20 ನಿಮಿಷದಂತೆ ಒಟ್ಟು 80 ನಿಮಿಷ ಗಡಿಯಾರವನ್ನು ಮುಂದಿಡಬೇಕೆಂಬುದು ಅವನ ಯೋಜನೆಯಾಗಿತ್ತು. ಬ್ರಿಟಿಷ್ ಸಂಸತ್ತಿನಲ್ಲಿ ಮಸೂದೆ ಹಲವು ಸಲ ಬಂದು ಬಿದ್ದುಹೋಯಿತು. 1915ರಲ್ಲಿ ವಿಲೆಟ್ ನಿಧನನಾದ ಮರುವರ್ಷವೇ ಅವನ ಕನಸನ್ನು ಮೊದಲು ನನಸು ಮಾಡಿದ್ದು ಬ್ರಿಟನ್ನಿನ ಶತ್ರುರಾಷ್ಟ್ರವಾಗಿದ್ದ ಜರ್ಮನಿ ಎಂಬುದು ಇತಿಹಾಸದ ವ್ಯಂಗ್ಯ. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲು ಉಳಿಸುವ ಸಲುವಾಗಿ ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೇರಿ 1916ರ ಏಪ್ರಿಲ್ 30ರ ರಾತ್ರಿ ಗಡಿಯಾರವನ್ನು ಮುಂದಿಟ್ಟವು. ಮೂರು ವಾರಗಳಲ್ಲಿ ಬ್ರಿಟನ್ ಅದನ್ನೇ ಅನುಸರಿಸಿತು. 1918ರಲ್ಲಿ ಅಮೆರಿಕವೂ ಸೇರಿಕೊಂಡಿತು.

ರೈತರಿಗಾಗಿ ಈ ಪದ್ಧತಿ ಬಂದಿತೆಂಬ ನಂಬಿಕೆ ಇಂದಿಗೂ ಪ್ರಚಲಿತವಾಗಿದೆ. ವಾಸ್ತವ ಇದಕ್ಕೆ ತದ್ವಿರುದ್ಧ. ಹಸು ಕೆಚ್ಚಲು ತುಂಬಿದಾಗ ಹಾಲು ಕೊಡುತ್ತದೆಯೇ ಹೊರತು ಗಡಿಯಾರ ನೋಡಿ ಅಲ್ಲ; ಇಬ್ಬನಿ ಆರುವ ಮೊದಲು ಹುಲ್ಲು ಕೊಯ್ದು ಒಟ್ಟಲಾಗದು. ಪೇಟೆಯ ವೇಳೆ ಒಂದು ಗಂಟೆ ಮುಂದೆ ಹೋದಾಗ ನಷ್ಟವಾದದ್ದು ರೈತನಿಗೇ. ಅಮೆರಿಕದ ರೈತ ಸಮುದಾಯದ ಪ್ರಬಲ ವಿರೋಧದಿಂದಾಗಿ, ಅಧ್ಯಕ್ಷ ವುಡ್ರೋ ವಿಲ್ಸನ್ ಅವರ ನಿರಾಕರಣಾಧಿಕಾರವನ್ನೂ ಮೀರಿ, ಅಲ್ಲಿನ ಕಾಂಗ್ರೆಸ್ 1919ರಲ್ಲಿ ಈ ಕಾನೂನನ್ನು ರದ್ದುಗೊಳಿಸಿತ್ತು.

ಎರಡನೇ ಮಹಾಯುದ್ಧದಲ್ಲಿ ಮರಳಿ ಬಂದ ಪದ್ಧತಿ ಶಾಂತಿಕಾಲದಲ್ಲಿ ಮತ್ತೆ ಹಲವೆಡೆ ಕಣ್ಮರೆಯಾಯಿತು. 1973ರ ತೈಲ ಬಿಕ್ಕಟ್ಟು ಅದಕ್ಕೆ ಪುನರ್ಜನ್ಮ ನೀಡಿತು. ಫ್ರಾನ್ಸ್ 1976ರಲ್ಲಿ, ಆಗಿನ ಪಶ್ಚಿಮ ಮತ್ತು ಪೂರ್ವ ಜರ್ಮನಿಗಳು 1980ರಲ್ಲಿ ಬೇಸಿಗೆ ಕಾಲಮಾನವನ್ನು ಜಾರಿಗೆ ತಂದವು. ದೇಶಕ್ಕೊಂದು ದಿನಾಂಕವಿದ್ದರೆ ರೈಲು, ವಿಮಾನ, ವ್ಯಾಪಾರಕ್ಕೆ ತೊಡಕಾಗುವುದರಿಂದ ಐರೋಪ್ಯ ಒಕ್ಕೂಟ 2000ನೇ ಇಸವಿಯ ನಿರ್ದೇಶನದ ಮೂಲಕ ಎಲ್ಲ ಸದಸ್ಯ ರಾಷ್ಟ್ರಗಳಿಗೂ ಒಂದೇ ನಿಯಮ ವಿಧಿಸಿತು.

ಉಳಿತಾಯವಾದದ್ದೆಷ್ಟು?

ಕಲ್ಲಿದ್ದಲು ಮತ್ತು ತೈಲದ ಉಳಿತಾಯ ಈ ಪದ್ಧತಿಯ ಮೂಲ ಸಮರ್ಥನೆ. ಮನೆಯ ವಿದ್ಯುತ್ತಿನಲ್ಲಿ ದೊಡ್ಡ ಪಾಲು ದೀಪಕ್ಕೇ ಹೋಗುತ್ತಿದ್ದ ಕಾಲದಲ್ಲಿ ಸಂಜೆ ಒಂದು ಗಂಟೆ ತಡವಾಗಿ ದೀಪ ಹಚ್ಚಿದರೆ ಗಣನೀಯ ಲಾಭವಿತ್ತು. ಇಂದು ಎಲ್‌ಇಡಿ ದೀಪಗಳು ಬಂದಿವೆ. ವಿದ್ಯುತ್ತನ್ನು ನುಂಗುತ್ತಿರುವುದು ಹವಾನಿಯಂತ್ರಕ ಮತ್ತು ಹೀಟರುಗಳು.

ಅಮೆರಿಕ 2007ರಿಂದ ಬೇಸಿಗೆ ಕಾಲಮಾನದ ಅವಧಿಯನ್ನು ಸುಮಾರು ನಾಲ್ಕು ವಾರ ವಿಸ್ತರಿಸಿತು. ಇದರ ಪರಿಣಾಮವನ್ನು ಅಲ್ಲಿನ ಇಂಧನ ಇಲಾಖೆ ಅಧ್ಯಯನ ಮಾಡಿ 2008ರಲ್ಲಿ ವರದಿ ನೀಡಿತು. ವಿಸ್ತರಿಸಿದ ದಿನಗಳಲ್ಲಿ ದಿನವೊಂದಕ್ಕೆ ಉಳಿದ ವಿದ್ಯುತ್ ಶೇ. 0.5ರಷ್ಟು, ಇಡೀ ವರ್ಷದ ಬಳಕೆಗೆ ಹೋಲಿಸಿದರೆ ಶೇ. 0.03 ಮಾತ್ರ. ಇಂಡಿಯಾನಾ ರಾಜ್ಯದ ಅನುಭವ ಇನ್ನೂ ಕುತೂಹಲಕರ. ಅಲ್ಲಿನ ಬಹುತೇಕ ಜಿಲ್ಲೆಗಳು 2006ರವರೆಗೆ ಗಡಿಯಾರ ತಿರುಗಿಸುತ್ತಿರಲಿಲ್ಲ. ತಿರುಗಿಸಲಾರಂಭಿಸಿದ ಮೇಲೆ ಮನೆಗಳ ವಿದ್ಯುತ್ ಬಳಕೆ ತಗ್ಗುವ ಬದಲು ಸುಮಾರು ಶೇ. 1ರಷ್ಟು ಏರಿದ್ದನ್ನು ಅರ್ಥಶಾಸ್ತ್ರಜ್ಞರಾದ ಮ್ಯಾಥ್ಯೂ ಕಾಚನ್ ಮತ್ತು ಲಾರಾ ಗ್ರಾಂಟ್ ಕಂಡುಕೊಂಡರು. ದೀಪಕ್ಕೆ ಉಳಿದದ್ದು ಬೆಚ್ಚಗಿಡಲು ಮತ್ತು ತಂಪುಗೊಳಿಸಲು ಖರ್ಚಾಗಿತ್ತು.

ಎಲ್ಲ ದೇಶಗಳಿಗೂ ಇದೇ ಮಾತು ಅನ್ವಯಿಸುತ್ತದೆಂದು ಹೇಳಲಾಗದು. ಏಳು ವರ್ಷ ಪದ್ಧತಿಯನ್ನು ಕೈಬಿಟ್ಟಿದ್ದ ಈಜಿಪ್ಟ್ ಇಂಧನ ಉಳಿತಾಯದ ಕಾರಣವನ್ನೇ ಮುಂದೊಡ್ಡಿ 2023ರಲ್ಲಿ ಅದನ್ನು ಮತ್ತೆ ಜಾರಿಗೊಳಿಸಿತು. ಆದರೆ ಐರೋಪ್ಯ ಆಯೋಗವೇ ತನ್ನ ಪ್ರಸ್ತಾವನೆಯಲ್ಲಿ ಉಳಿತಾಯ ನಗಣ್ಯವೆಂಬುದನ್ನು ಒಪ್ಪಿಕೊಂಡಿದೆ.

ಕೈಗಡಿಯಾರ ಒಪ್ಪಿದರೂ ದೇಹ ಒಪ್ಪದು

ಇಂಧನದ ವಾದ ದುರ್ಬಲವಾಗುತ್ತಿದ್ದಂತೆ ಆರೋಗ್ಯದ ವಾದ ಮುನ್ನೆಲೆಗೆ ಬಂದಿತು. ನಿದ್ರೆ, ಹಸಿವು, ದೇಹದ ಉಷ್ಣತೆ, ರಕ್ತದೊತ್ತಡ ಇವೆಲ್ಲ ದಿನದ ಲಯಕ್ಕೆ ಬದ್ಧವಾಗಿರುತ್ತವೆ. ಈ ಆಂತರಿಕ ಗಡಿಯಾರದ ಕಾರ್ಯವಿಧಾನವನ್ನು ಬಿಡಿಸಿಟ್ಟ ಜೆಫ್ರಿ ಹಾಲ್, ಮೈಕೇಲ್ ರಾಸ್‌ಬಾಶ್ ಮತ್ತು ಮೈಕೇಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು. ಈ ಗಡಿಯಾರವನ್ನು ಪ್ರತಿದಿನ ಸರಿಪಡಿಸುವುದು ಬೆಳಗಿನ ಬೆಳಕು.

ವಸಂತದಲ್ಲಿ ಒಂದು ಗಂಟೆ ಕಳೆದುಕೊಂಡ ಬಳಿಕದ ದಿನಗಳು ಅಪಾಯಕಾರಿ ಎಂಬುದಕ್ಕೆ ಸಾಕಷ್ಟು ಪುರಾವೆಗಳಿವೆ. ಅಮೆರಿಕದ ಮಿಷಿಗನ್ ರಾಜ್ಯದ ಆಸ್ಪತ್ರೆಗಳ ದಾಖಲೆಗಳನ್ನಾಧರಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವು, ವಸಂತದ ಬದಲಾವಣೆಯ ಮರುದಿನ ಸೋಮವಾರ ಹೃದಯಾಘಾತದ ಪ್ರಕರಣಗಳು ಶೇ. 24ರಷ್ಟು ಹೆಚ್ಚಿದ್ದನ್ನು ತೋರಿಸಿತು. ಆದರೆ ಇಡೀ ವಾರದ ಲೆಕ್ಕ ತೆಗೆದುಕೊಂಡಾಗ ಒಟ್ಟು ಸಂಖ್ಯೆಯಲ್ಲಿ ವ್ಯತ್ಯಾಸವಿರಲಿಲ್ಲ ಎಂಬುದನ್ನೂ ಅದು ದಾಖಲಿಸಿತು. ಹೇಗೂ ಬರಲಿದ್ದ ಆಘಾತ ಕೆಲವು ದಿನ ಮೊದಲೇ ಬಂದಿತೆಂದು ಇದನ್ನು ಅರ್ಥೈಸಬಹುದು. ವಸಂತದ ಬದಲಾವಣೆಯ ವಾರದಲ್ಲಿ ಅಮೆರಿಕದ ರಸ್ತೆಗಳಲ್ಲಿ ಮಾರಣಾಂತಿಕ ಅಪಘಾತಗಳ ಸಂಭವ ಸುಮಾರು ಶೇ. 6ರಷ್ಟು ಏರುತ್ತದೆಂದು 2020ರ ಇನ್ನೊಂದು ಅಧ್ಯಯನ ಹೇಳಿದೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಈ ಅಧ್ಯಯನಗಳು ಹೇಳುವುದು ಬದಲಾವಣೆಯ ಹಾನಿಯನ್ನು. ಯಾವ ಕಾಲಮಾನ ಉತ್ತಮವೆಂಬ ಪ್ರಶ್ನೆಗೆ ಅವು ಉತ್ತರವಲ್ಲ. ಆ ಪ್ರಶ್ನೆಗೆ ನಿದ್ರಾ ತಜ್ಞರು ಬೇರೆಯೇ ಉತ್ತರ ಕೊಟ್ಟಿದ್ದಾರೆ. ವರ್ಷವಿಡೀ ಪ್ರಮಾಣ ಕಾಲಮಾನವೇ ಇರಬೇಕೆಂದು ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2020ರಲ್ಲಿ ತನ್ನ ನಿಲುವು ಪ್ರಕಟಿಸಿತು. ಬೆಳಗಿನ ಬೆಳಕು ಬೇಗ ಸಿಗುವುದು ಆ ಕಾಲಮಾನದಲ್ಲಿಯೇ ಎಂಬುದು ಅದರ ಆಧಾರ. ಜನಸಾಮಾನ್ಯರ ಮತ್ತು ವ್ಯಾಪಾರಿಗಳ ಒಲವು ಮಾತ್ರ ಬಹುಪಾಲು ಸಂಜೆಯ ಬೆಳಕಿನ ಕಡೆಗೆ, ಅಂದರೆ ಶಾಶ್ವತ ಬೇಸಿಗೆ ಕಾಲಮಾನದ ಕಡೆಗೆ. ಕೆಲಸ ಬಿಟ್ಟ ಮೇಲೆ ಆಟ, ವಿಹಾರ, ಖರೀದಿ ನಡೆಯುವುದು ಆಗಲೇ.

ಬ್ರಸೆಲ್ಸ್‌ನಲ್ಲಿ ಸಿಲುಕಿದ ಪ್ರಸ್ತಾವನೆ

ಚಳಿಗಾಲದ ಹಗಲು ಆರು ಗಂಟೆಗೂ ಕಡಿಮೆಯಿರುವ ಫಿನ್ಲೆಂಡಿನಲ್ಲಿ 70 ಸಾವಿರಕ್ಕೂ ಹೆಚ್ಚು ನಾಗರಿಕರು ಗಡಿಯಾರ ಬದಲಾವಣೆಯ ವಿರುದ್ಧ ಸಹಿ ಸಂಗ್ರಹಿಸಿದ್ದು ಯೂರೋಪಿನ ಚರ್ಚೆಗೆ ಚಾಲನೆ ನೀಡಿತು. 2018ರ ಜುಲೈ-ಆಗಸ್ಟ್ ತಿಂಗಳುಗಳಲ್ಲಿ ಐರೋಪ್ಯ ಆಯೋಗ ಸಾರ್ವಜನಿಕರ ಅಭಿಪ್ರಾಯ ಕೇಳಿತು. 46 ಲಕ್ಷ ಉತ್ತರಗಳು ಬಂದವು. ಒಕ್ಕೂಟದ ಇತಿಹಾಸದಲ್ಲಿ ಅದೊಂದು ದಾಖಲೆ. ಅವರಲ್ಲಿ ಶೇ. 84 ಮಂದಿ ಬದಲಾವಣೆ ನಿಲ್ಲಲಿ ಎಂದರು. ಆದರೆ ಉತ್ತರಿಸಿದವರಲ್ಲಿ ಸುಮಾರು 30 ಲಕ್ಷ ಮಂದಿ ಜರ್ಮನಿಯೊಂದಕ್ಕೇ ಸೇರಿದವರು. 51 ಕೋಟಿ ಜನಸಂಖ್ಯೆಯ ಅಂದಿನ ಒಕ್ಕೂಟದಲ್ಲಿ ಉತ್ತರಿಸಿದವರು ಶೇ. 1ಕ್ಕಿಂತ ಕಡಿಮೆ. ಇದನ್ನು ಜನಾದೇಶವೆಂದು ಕರೆಯಬಹುದೇ ಎಂಬ ಪ್ರಶ್ನೆ ಅಂದೇ ಎದ್ದಿತ್ತು.

ಆಯೋಗದ ಅಂದಿನ ಅಧ್ಯಕ್ಷ ಜಾನ್-ಕ್ಲಾಡ್ ಯುಂಕರ್ ಅವರು 2018ರ ಸೆಪ್ಟೆಂಬರ್ ತಿಂಗಳಲ್ಲಿ ಪ್ರಸ್ತಾವನೆ ಮುಂದಿಟ್ಟರು. 2019ರ ಮಾರ್ಚ್ 26ರಂದು ಐರೋಪ್ಯ ಸಂಸತ್ತು 410-192 ಮತಗಳಿಂದ ಅದನ್ನು ಬೆಂಬಲಿಸಿತು. 51 ಸದಸ್ಯರು ತಟಸ್ಥರಾಗಿ ಉಳಿದರು. ಶಾಶ್ವತ ಬೇಸಿಗೆ ಕಾಲಮಾನ ಬಯಸುವ ದೇಶಗಳು 2021ರ ಮಾರ್ಚ್ ತಿಂಗಳಲ್ಲಿ ಕೊನೆಯ ಸಲ ಗಡಿಯಾರ ತಿರುಗಿಸಬೇಕು, ಚಳಿಗಾಲದ ಕಾಲಮಾನ ಬಯಸುವ ದೇಶಗಳು ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಕೊನೆಯ ಸಲ ತಿರುಗಿಸಬೇಕು ಎಂಬುದು ಯೋಜನೆಯಾಗಿತ್ತು.

ಸಂಸತ್ತಿನ ಮತವಷ್ಟೇ ಕಾನೂನಾಗುವುದಿಲ್ಲ. ಸದಸ್ಯ ರಾಷ್ಟ್ರಗಳ ಸಚಿವರ ಮಂಡಳಿಯೂ ಒಪ್ಪಬೇಕು. ಅಲ್ಲಿ ಒಮ್ಮತ ಮೂಡಲಿಲ್ಲ. ಪರಿಣಾಮಗಳ ವಿವರವಾದ ಅಧ್ಯಯನ ಮೊದಲು ನಡೆಯಲಿ ಎಂದು ರಾಷ್ಟ್ರಗಳು ಆಯೋಗವನ್ನು ಕೇಳಿದವು. ಮೊದಲು ನೀವು ನಿಮ್ಮ ನಿಲುವು ಹೇಳಿ ಎಂದು ಆಯೋಗ ರಾಷ್ಟ್ರಗಳತ್ತ ಬೊಟ್ಟು ಮಾಡಿತು. 2020ರಲ್ಲಿ ಕೊರೊನಾ ಬಂದೆರಗಿದಾಗ ವಿಷಯ ಮೂಲೆಗೆ ಸರಿಯಿತು. ಸ್ಪೇನ್ ಪ್ರಧಾನಿ ಪೆಡ್ರೊ ಸ್ಯಾಂಚೆಸ್ ಅವರು 2025ರ ಅಕ್ಟೋಬರ್ ತಿಂಗಳಲ್ಲಿ ಈ ಪದ್ಧತಿಗೆ ಇನ್ನು ಅರ್ಥವಿಲ್ಲವೆಂದು ಹೇಳಿ ವಿಷಯವನ್ನು ಮತ್ತೆ ಮುನ್ನೆಲೆಗೆ ತಂದರು.

ನಕ್ಷೆಯೇ ತೊಡಕು

ಒಮ್ಮತ ಏಕೆ ಸಾಧ್ಯವಾಗಲಿಲ್ಲವೆಂಬುದಕ್ಕೆ ಉತ್ತರ ಭೂಪಟದಲ್ಲಿದೆ. ಒಕ್ಕೂಟದ 27 ದೇಶಗಳಲ್ಲಿ 17 ದೇಶಗಳ ಮುಖ್ಯಭೂಮಿ ಒಂದೇ ಮಧ್ಯ ಐರೋಪ್ಯ ಕಾಲಮಾನದಲ್ಲಿದೆ. ಪೋಲೆಂಡಿನ ಪೂರ್ವ ಗಡಿಯಿಂದ ಸ್ಪೇನಿನ ಪಶ್ಚಿಮ ಕರಾವಳಿಯವರೆಗೆ ಎಲ್ಲರ ಗಡಿಯಾರವೂ ಒಂದೇ ಹೊತ್ತು ತೋರಿಸಿದರೂ ಸೂರ್ಯ ಮಾತ್ರ ಅಲ್ಲಿಗೂ ಇಲ್ಲಿಗೂ ಎರಡು ಗಂಟೆಗೂ ಹೆಚ್ಚು ಅಂತರದಲ್ಲಿ ಉದಯಿಸುತ್ತಾನೆ.

ಶಾಶ್ವತ ಬೇಸಿಗೆ ಕಾಲಮಾನ ಬಂದರೆ ಡಿಸೆಂಬರ್ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ಸೂರ್ಯೋದಯ ಬೆಳಿಗ್ಗೆ 9.40ರ ನಂತರ. ಸ್ಪೇನಿನ ಪಶ್ಚಿಮದ ಊರುಗಳಲ್ಲಿ ಹತ್ತು ಗಂಟೆಯ ಹೊತ್ತಿಗೆ. ಮಕ್ಕಳು ಮೊದಲ ಪಾಠವನ್ನು ಕತ್ತಲಿನಲ್ಲೇ ಮುಗಿಸಬೇಕಾಗುತ್ತದೆ. ಶಾಶ್ವತ ಚಳಿಗಾಲದ ಕಾಲಮಾನ ಬಂದರೆ ಜೂನ್ ತಿಂಗಳಲ್ಲಿ ವಾರ್ಸಾದಲ್ಲಿ ಬೆಳಗಿನ ಜಾವ 3.15ಕ್ಕೇ ಸೂರ್ಯ ಮೂಡುತ್ತಾನೆ. ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರಿಗೆ ಅಹಿತ. ಪ್ರತಿ ದೇಶವೂ ತನಗೊಪ್ಪುವುದನ್ನು ಆರಿಸಿಕೊಳ್ಳಲಿ ಎಂದರೆ ನೆರೆಹೊರೆಯ ಬೆಲ್ಜಿಯಂ, ನೆದರ್ಲೆಂಡ್ಸ್, ಜರ್ಮನಿಗಳ ನಡುವೆ ನಿತ್ಯ ಗಡಿ ದಾಟಿ ಕೆಲಸಕ್ಕೆ ಹೋಗುವವರ ಪಾಡೇನು? ಒಕ್ಕೂಟದಿಂದ 2020ರಲ್ಲಿ ಹೊರನಡೆದ ಬ್ರಿಟನ್ ಹಳೆಯ ಪದ್ಧತಿಯನ್ನೇ ಮುಂದುವರಿಸಿ, ಐರ್ಲೆಂಡ್ ಕೈಬಿಟ್ಟರೆ, ಒಂದೇ ದ್ವೀಪದ ಐರ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ಗಳಲ್ಲಿ ವರ್ಷದ ಹಲವು ತಿಂಗಳು ಬೇರೆ ಬೇರೆ ಹೊತ್ತು ಇರುತ್ತದೆ. ರಾಜಕೀಯವಾಗಿ ಅತಿ ಸೂಕ್ಷ್ಮವಾದ ಆ ಗಡಿಯಲ್ಲಿ ಹೊಸದೊಂದು ಗೆರೆ ಎಳೆಯಲು ಯಾರೂ ಬಯಸುತ್ತಿಲ್ಲ.

ಸ್ಪೇನಿನ ಸಮಸ್ಯೆಗೆ ಇನ್ನೂ ಹಳೆಯ ಬೇರಿದೆ. ಗ್ರೀನಿಚ್ ರೇಖೆಯ ಆಸುಪಾಸಿನಲ್ಲಿರುವ ಈ ದೇಶ ಫ್ರಾಂಕೊ ಆಡಳಿತದಲ್ಲಿ 1940ರಲ್ಲಿ ಬರ್ಲಿನ್ನಿನ ಸಮಯಕ್ಕೆ ಹೊಂದಿಕೊಂಡಿತು. ಅನಂತರ ಮರಳಲೇ ಇಲ್ಲ. ಪಕ್ಕದ ಪೋರ್ಚುಗಲ್ ಇದೇ ಹಾದಿಯನ್ನು 1992ರಲ್ಲಿ ಹಿಡಿದು, ಕತ್ತಲ ಬೆಳಗುಗಳಿಂದ ಬೇಸತ್ತು 1996ರಲ್ಲಿ ಹಿಂದಿರುಗಿತು. ಆ ನೆನಪಿನಿಂದಲೇ ಇರಬೇಕು, 2018ರಲ್ಲಿ ಆಯೋಗದ ಪ್ರಸ್ತಾವನೆ ಬಂದಾಗ ವರ್ಷಕ್ಕೆರಡು ಬದಲಾವಣೆಯೇ ಇರಲಿ ಎಂದು ಪೋರ್ಚುಗಲ್ ಹೇಳಿತು.

ಪ್ರಯೋಗ ಮಾಡಿ ನೋಡಿದವರು

ಬದಲಾವಣೆಯನ್ನು ನಿಲ್ಲಿಸಿ ನೋಡಿದ ದೇಶಗಳ ಅನುಭವ ಎಚ್ಚರಿಕೆಯ ಪಾಠವಾಗಿದೆ.

ಬ್ರಿಟನ್ 1968ರಿಂದ 1971ರವರೆಗೆ ವರ್ಷವಿಡೀ ಬೇಸಿಗೆ ಕಾಲಮಾನವನ್ನು ಪಾಲಿಸಿತು. ಬೆಳಗಿನ ಅಪಘಾತಗಳು ಹೆಚ್ಚಿದವು. ಸಂಜೆಯವು ಅದಕ್ಕಿಂತ ಹೆಚ್ಚು ಪ್ರಮಾಣದಲ್ಲಿ ಇಳಿದವು. ಒಟ್ಟಾರೆ ಜೀವಗಳು ಉಳಿದವೆಂದು ಲೆಕ್ಕಾಚಾರ ಹೇಳಿತಾದರೂ, ಕುಡಿದು ವಾಹನ ಓಡಿಸುವುದರ ವಿರುದ್ಧ 1967ರಲ್ಲಿ ಬಂದ ಕಠಿಣ ಕಾನೂನಿನ ಪಾಲೆಷ್ಟು ಎಂಬುದು ವಿವಾದವಾಯಿತು. ಉತ್ತರ ಸ್ಕಾಟ್ಲೆಂಡಿನಲ್ಲಿ ಚಳಿಗಾಲದ ಸೂರ್ಯೋದಯ ಹತ್ತು ಗಂಟೆಯ ಸಮೀಪಕ್ಕೆ ಹೋದಾಗ ಅಂಕಿಅಂಶಗಳು ಯಾರನ್ನೂ ಸಮಾಧಾನಪಡಿಸಲಿಲ್ಲ. ಕತ್ತಲಲ್ಲಿ ಶಾಲೆಗೆ ಹೋಗುವಾಗ ಸತ್ತ ಮಗುವಿಗೆ ಹೆಸರಿರುತ್ತದೆ, ಸಂಜೆಯ ಬೆಳಕಿನಿಂದಾಗಿ ಉಳಿದ ಮಗು ಯಾರೆಂದು ಯಾರಿಗೂ ತಿಳಿಯುವುದಿಲ್ಲ. 1970ರ ಡಿಸೆಂಬರ್ ತಿಂಗಳಲ್ಲಿ ಕೆಳಮನೆ 366-81 ಮತಗಳಿಂದ ಪ್ರಯೋಗಕ್ಕೆ ತೆರೆ ಎಳೆಯಿತು.

ತೈಲ ಬಿಕ್ಕಟ್ಟಿನ ನಡುವೆ ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರು 1974ರ ಜನವರಿ 6ರಿಂದ ವರ್ಷವಿಡೀ ಬೇಸಿಗೆ ಕಾಲಮಾನ ಜಾರಿಗೆ ತಂದರು. 1973ರ ಡಿಸೆಂಬರ್ ತಿಂಗಳಲ್ಲಿ ಶೇ. 79ರಷ್ಟಿದ್ದ ಜನಬೆಂಬಲ ಫೆಬ್ರುವರಿಯ ಹೊತ್ತಿಗೆ ಶೇ. 42ಕ್ಕೆ ಕುಸಿಯಿತು. ಕತ್ತಲಿನಲ್ಲಿ ಶಾಲೆಗೆ ಹೊರಟ ಮಕ್ಕಳು ಫ್ಲಾರಿಡಾದಲ್ಲಿ ವಾಹನಗಳಿಗೆ ಸಿಲುಕಿದ ಸುದ್ದಿಗಳು ತಾಯಂದಿರನ್ನು ಕಂಗೆಡಿಸಿದ್ದವು. ಎರಡು ವರ್ಷಕ್ಕೆಂದು ಆರಂಭಿಸಿದ ಪ್ರಯೋಗ ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಮುಗಿಯಿತು.

ರಷ್ಯಾ ಎರಡನ್ನೂ ಕಂಡಿದೆ. 2011ರಲ್ಲಿ ಅಧ್ಯಕ್ಷರಾಗಿದ್ದ ಡಿಮಿಟ್ರಿ ಮೆಡ್ವೆಡೆವ್ ಅವರು ಶಾಶ್ವತ ಬೇಸಿಗೆ ಕಾಲಮಾನವನ್ನು ತಂದರು. ಮಾಸ್ಕೋದಲ್ಲಿ ಚಳಿಗಾಲದ ಸೂರ್ಯ ಹತ್ತು ಗಂಟೆಗೆ ಮುಖ ತೋರಿಸತೊಡಗಿದಾಗ ದೂರುಗಳ ಮಹಾಪೂರ ಹರಿಯಿತು. 2014ರ ಅಕ್ಟೋಬರ್ 26ರಂದು ದೇಶ ಶಾಶ್ವತ ಚಳಿಗಾಲದ ಕಾಲಮಾನಕ್ಕೆ ಮರಳಿತು. ಅದರಿಂದಲೂ ಎಲ್ಲರಿಗೆ ತೃಪ್ತಿಯಾಗಲಿಲ್ಲ. ಹಲವು ಪ್ರಾಂತ್ಯಗಳು 2016ರಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟವು. ವೋಲ್ಗಾಗ್ರಾಡ್ ಪ್ರಾಂತ್ಯ 2018ರಲ್ಲಿ ಮುಂದಿಟ್ಟು, 2020ರಲ್ಲಿ ಮತ್ತೆ ಹಿಂದಿಟ್ಟಿತು.

ಇವುಗಳ ನಡುವೆ ಸದ್ದಿಲ್ಲದೆ ಬದಲಾವಣೆ ನಿಲ್ಲಿಸಿದ ದೇಶಗಳೂ ಇವೆ. ಟರ್ಕಿ 2016ರಲ್ಲಿ ಶಾಶ್ವತ ಬೇಸಿಗೆ ಕಾಲಮಾನವನ್ನು ಆರಿಸಿಕೊಂಡಿತು. ಬ್ರೆಜಿಲ್ 2019ರಲ್ಲಿ, ಮೆಕ್ಸಿಕೋದ ಬಹುಭಾಗ ಹಾಗೂ ಇರಾನ್ 2022ರಲ್ಲಿ ಬೇಸಿಗೆ ಕಾಲಮಾನವನ್ನೇ ಕೈಬಿಟ್ಟವು. ಪರಾಗ್ವೆ 2024ರಲ್ಲಿ ಅದನ್ನು ಶಾಶ್ವತಗೊಳಿಸಿತು.

ಅಮೆರಿಕದಲ್ಲಿಯೂ ಅದೇ ಕಗ್ಗಂಟು

ಅಮೆರಿಕದ ಸೆನೆಟ್ 2022ರ ಮಾರ್ಚ್ 15ರಂದು ಶಾಶ್ವತ ಬೇಸಿಗೆ ಕಾಲಮಾನದ ಮಸೂದೆಯನ್ನು ಒಂದೂ ಆಕ್ಷೇಪವಿಲ್ಲದೆ ಅಂಗೀಕರಿಸಿತು. ಫ್ಲಾರಿಡಾದ ಅಂದಿನ ಸೆನೆಟರ್ ಮಾರ್ಕೊ ರೂಬಿಯೊ ಇದರ ರೂವಾರಿ. ಆದರೆ ಪ್ರತಿನಿಧಿ ಸಭೆ ಅದನ್ನು ಮತಕ್ಕೆ ಹಾಕಲೇ ಇಲ್ಲ. ಅಲ್ಲಿನ 1966ರ ಕಾನೂನಿನ ಪ್ರಕಾರ ರಾಜ್ಯಗಳು ವರ್ಷವಿಡೀ ಪ್ರಮಾಣ ಕಾಲಮಾನವನ್ನು ಪಾಲಿಸಬಹುದು, ಶಾಶ್ವತ ಬೇಸಿಗೆ ಕಾಲಮಾನವನ್ನು ಪಾಲಿಸುವಂತಿಲ್ಲ. ಹಲವು ರಾಜ್ಯಗಳು ತಮಗೆ ಅನುಮತಿ ದೊರೆತೊಡನೆ ಶಾಶ್ವತ ಬೇಸಿಗೆ ಕಾಲಮಾನಕ್ಕೆ ಹೋಗುವುದಾಗಿ ಶಾಸನ ಮಾಡಿ ಕುಳಿತಿವೆ. ಡೊನಾಲ್ಡ್ ಟ್ರಂಪ್ ಅವರು 2024ರ ಡಿಸೆಂಬರ್ ತಿಂಗಳಲ್ಲಿ ಗಡಿಯಾರ ಬದಲಾವಣೆಯನ್ನು ಕೊನೆಗಾಣಿಸುವುದಾಗಿ ಹೇಳಿದ್ದರು. ಮೂರು ತಿಂಗಳಲ್ಲಿ, ಅಧ್ಯಕ್ಷರಾದ ಮೇಲೆ, ಜನರು ಈ ವಿಷಯದಲ್ಲಿ ಸಮ ಸಮ ಒಡೆದಿದ್ದಾರೆಂದು ಹೇಳಿ ಹಿಂಜರಿದರು.

ಬೆಂಗಳೂರಿನ ಸಂಜೆಗೂ ನಂಟು

ಭಾರತದಲ್ಲಿ ಈ ಪದ್ಧತಿಯಿಲ್ಲ. ಅದಕ್ಕೆ ಕಾರಣ ಸರಳ. ಬೆಂಗಳೂರಿನ ಅತಿ ದೀರ್ಘ ಹಗಲಿಗೂ ಅತಿ ಹ್ರಸ್ವ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಉಳಿಸಲು ಹೆಚ್ಚುವರಿ ಬೆಳಕೇ ಇಲ್ಲದ ಮೇಲೆ ಗಡಿಯಾರ ತಿರುಗಿಸಿ ಪ್ರಯೋಜನವೇನು? ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರ ಭಾರತದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, 1945ರ ಅಕ್ಟೋಬರ್ ತಿಂಗಳಲ್ಲಿ ಹಿಂದಕ್ಕೆ ತಂದದ್ದುಂಟು.

ಭಾರತದ ಸಮಸ್ಯೆ ಋತುವಿನದಲ್ಲ, ಪೂರ್ವ-ಪಶ್ಚಿಮದ್ದು. 1906ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ಪ್ರಮಾಣ ಕಾಲಮಾನ ಇಡೀ ದೇಶಕ್ಕೆ ಒಂದೇ. ಅರುಣಾಚಲಕ್ಕೂ ಗುಜರಾತಿನ ಕಛ್‌ಗೂ ಸೂರ್ಯೋದಯದಲ್ಲಿ ಸುಮಾರು ಎರಡು ಗಂಟೆಯ ಅಂತರವಿದೆ. ಅಸ್ಸಾಮಿನ ಚಹಾ ತೋಟಗಳು ಒಂದು ಗಂಟೆ ಮುಂದಿನ 'ಬಾಗಾನ್ ಸಮಯ'ವನ್ನು ಬಹುಕಾಲದಿಂದ ಪಾಲಿಸುತ್ತಿವೆ. ದೇಶಕ್ಕೆ ಎರಡು ಕಾಲವಲಯ ಸಾಧ್ಯವೆಂದು ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿಗಳು 2018ರಲ್ಲಿ ಪ್ರತಿಪಾದಿಸಿದರು. ಅದಕ್ಕೂ ಮೊದಲೇ, 2007ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ದಿಲೀಪ್ ಅಹುಜಾ ಮತ್ತು ಡಿ.ಪಿ. ಸೇನ್‌ಗುಪ್ತ ಮೊದಲಾದವರು ಬೇರೆ ದಾರಿ ಸೂಚಿಸಿದ್ದರು. ಇಡೀ ದೇಶದ ಗಡಿಯಾರವನ್ನು ಒಮ್ಮೆ, ಶಾಶ್ವತವಾಗಿ, ಅರ್ಧ ಗಂಟೆ ಮುಂದಿಟ್ಟರೆ ಸಂಜೆಯ ವಿದ್ಯುತ್ ಬೇಡಿಕೆ ತಗ್ಗಿ ವರ್ಷಕ್ಕೆ 200 ಕೋಟಿ ಯೂನಿಟ್‌ಗೂ ಅಧಿಕ ಉಳಿಯುತ್ತದೆಂಬುದು ಅವರ ಲೆಕ್ಕಾಚಾರ. ಸರಕಾರ ಇವೆರಡನ್ನೂ ಒಪ್ಪಿಕೊಂಡಿಲ್ಲ. ಎರಡು ವಲಯಗಳಾದರೆ ರೈಲು ಸಂಚಾರದಲ್ಲಿ ಗೊಂದಲವಾದೀತೆಂಬ ಆತಂಕ ಪ್ರತಿ ಬಾರಿಯೂ ಕೇಳಿಬರುತ್ತದೆ.

ನಮ್ಮ ಗಡಿಯಾರ ತಿರುಗದಿದ್ದರೂ ಅವರ ಗಡಿಯಾರ ತಿರುಗಿದಾಗ ಇಲ್ಲಿನ ದಿನಚರಿ ಅಲುಗುತ್ತದೆ. ನ್ಯೂಯಾರ್ಕ್ ಕಚೇರಿ ಬೆಳಿಗ್ಗೆ 9ಕ್ಕೆ ತೆರೆಯುವಾಗ ಬೆಂಗಳೂರಿನಲ್ಲಿ ಅವರ ಬೇಸಿಗೆ ಕಾಲಮಾನದಲ್ಲಿ ಸಂಜೆ 6.30, ಚಳಿಗಾಲದಲ್ಲಿ 7.30. ಲಂಡನ್ನಿನ 9 ಗಂಟೆ ಇಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ 1.30, ಚಳಿಗಾಲದಲ್ಲಿ 2.30. ಮಾರ್ಚ್ ತಿಂಗಳಲ್ಲಿ ಅಮೆರಿಕ ಮೊದಲು, ಎರಡು-ಮೂರು ವಾರಗಳ ನಂತರ ಯೂರೋಪ್ ಗಡಿಯಾರ ತಿರುಗಿಸುವುದರಿಂದ ಆ ನಡುವಿನ ದಿನಗಳಲ್ಲಿ ಮೂರೂ ಕಡೆಯವರು ಸೇರುವ ಸಭೆಗೆ ಹೊತ್ತು ಹೊಂದಿಸುವುದು ತಲೆನೋವಿನ ಕೆಲಸ. ಅಮೆರಿಕ ಶಾಶ್ವತ ಬೇಸಿಗೆ ಕಾಲಮಾನವನ್ನು ಆರಿಸಿಕೊಂಡರೆ ಇಲ್ಲಿನ ಸಾಫ್ಟ್‌ವೇರ್ ಮತ್ತು ಕಾಲ್‌ಸೆಂಟರ್ ಉದ್ಯೋಗಿಗಳು ವರ್ಷವಿಡೀ ಒಂದು ಗಂಟೆ ಬೇಗ ಮನೆ ಸೇರಬಹುದು. ಪ್ರಮಾಣ ಕಾಲಮಾನವನ್ನು ಆರಿಸಿಕೊಂಡರೆ ಚಳಿಗಾಲದ ತಡರಾತ್ರಿಯೇ ಹನ್ನೆರಡು ತಿಂಗಳೂ ಖಾಯಂ. ಆ ಗಂಟೆಯ ಬಗ್ಗೆ ವಾಷಿಂಗ್ಟನ್ನಿನಲ್ಲಿ ತೀರ್ಮಾನವಾಗುವಾಗ ಇವರ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ.

ಮುಂದೇನು?

ಮೂರು ಆಯ್ಕೆಗಳಿವೆ. ಶಾಶ್ವತ ಬೇಸಿಗೆ ಕಾಲಮಾನವು ಸಂಜೆಯನ್ನು ಕೊಟ್ಟು ಚಳಿಗಾಲದ ಬೆಳಗನ್ನು ಕಸಿಯುತ್ತದೆ. ಶಾಶ್ವತ ಪ್ರಮಾಣ ಕಾಲಮಾನವು ಬೆಳಗನ್ನು ಕೊಟ್ಟು ಬೇಸಿಗೆಯ ಸಂಜೆಯನ್ನು ಮೊಟಕುಗೊಳಿಸುತ್ತದೆ. ಈಗಿರುವ ಪದ್ಧತಿ ಎರಡನ್ನೂ ಒಂದಿಷ್ಟು ಕೊಟ್ಟು, ಪ್ರತಿಯಾಗಿ ವರ್ಷಕ್ಕೆರಡು ಸಲ ದೇಹಕ್ಕೆ ಪೆಟ್ಟು ಕೊಡುತ್ತದೆ. ನೂರು ವರ್ಷ ಕಳೆದರೂ ಯಾರಿಗೂ ಇಷ್ಟವಿಲ್ಲದ ಪದ್ಧತಿ ಉಳಿದುಕೊಂಡಿರುವುದಕ್ಕೆ ಕಾರಣ, ಅದು ಎಲ್ಲರ ಎರಡನೇ ಆಯ್ಕೆಯಾಗಿರುವುದು.

ಬದಲಾವಣೆ ಬೇಕೇ ಬೇಡವೇ ಎಂದು ಕೇಳಿದಾಗ ಶೇ. 84 ಮಂದಿ ಬೇಡ ಎಂದರೂ ಸಮಸ್ಯೆ ಬಗೆಹರಿಯಲಿಲ್ಲ. ಡಿಸೆಂಬರ್ ತಿಂಗಳ ಕತ್ತಲಲ್ಲಿ ಶಾಲೆಯ ಬಸ್ಸಿಗೆ ಕಾಯುವ ಮಗುವನ್ನೋ, ಜೂನ್ ತಿಂಗಳ ಸಂಜೆ ಮೈದಾನದಲ್ಲಿ ಆಡುವ ಮಗುವನ್ನೋ, ಯಾರನ್ನು ಮೊದಲು ನೆನೆಯಬೇಕೆಂಬುದನ್ನು ಪ್ರತಿ ದೇಶವೂ ತನ್ನ ಅಕ್ಷಾಂಶ-ರೇಖಾಂಶಗಳನ್ನು ನೋಡಿಕೊಂಡು ನಿರ್ಧರಿಸಬೇಕಾಗಿದೆ. ಆ ನಿರ್ಧಾರವಾಗುವವರೆಗೆ ಮಾರ್ಚ್ ತಿಂಗಳಲ್ಲೊಂದು ಗಂಟೆ ಕಳೆದು, ಅಕ್ಟೋಬರ್ ತಿಂಗಳಲ್ಲದು ಮರಳುವುದು ತಪ್ಪುವುದಿಲ್ಲ.